ಅವ್ವನ ಜೋಳ, ನಮ್ಮ ಬಿಯರು

ಬಿಯರನ್ನು ಮೊದಲ ಸಲ ಬಾಯಿಗಿಟ್ಟಾಗ ನನಗೆ ಮೂವತ್ತಮೂರು ವರ್ಷ. ಬೆಳಗಿನ ಹನ್ನೊಂದರ ಹೊತ್ತು. ರಾಯಚೂರಿನ ಹೊರವಲಯದಲ್ಲಿ ಎಂದೋ ನಿಂತುಹೋಗಿದ್ದ ಹತ್ತಿ ಮಿಲ್ಲೊಂದರಲ್ಲಿ ಹೊಸದಾಗಿ ಸ್ಟೀಲಿನ ತೊಟ್ಟಿಗಳನ್ನು ಕೂಡಿಸಿದ್ದರು. ಬಿಯರ್ ತಯಾರಿಸುವ ಸರ್ ಸಣ್ಣ ಗ್ಲಾಸೊಂದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದರು.

"ನುಂಗಬೇಕಂತೇನಿಲ್ರಿ ಮೇಡಂ. ಬಾಯಾಗ ಇಟ್ಕೊಂಡು ಹೇಳ್ರಿ, ಹೆಂಗ ಅನಸ್ತದ?"

ನಾನು ಅಲ್ಲಿಗೆ ಹೋಗಿದ್ದು ನೀರಿಗಾಗಿ. ಬಿಎಸ್ಸಿ ಮುಗಿಸಿ ಶಕ್ತಿನಗರದಲ್ಲಿ ನೀರು ಪರೀಕ್ಷೆ ಮಾಡುವ ಗುತ್ತಿಗೆ ಕೆಲಸದಲ್ಲಿ ಎಂಟು ವರ್ಷ ಇದ್ದೆ. ಗುತ್ತಿಗೆ ಮುಗಿದ ಮೇಲೆ, ಈ ಕಡೆಗೆ ಮೊದಲ ಸಲ, ಬಿಯರ್ ತಯಾರಿಸಿ ಅಲ್ಲೇ ಕುಡಿಯಲು ಕೊಡುವ ಮನೆಯೊಂದು ಶುರುವಾಗುತ್ತಿದೆ, ನೀರು ನೋಡುವವರು ಬೇಕಂತೆ ಎಂದು ಗೆಳತಿಯೊಬ್ಬಳು ಹೇಳಿದಳು. ಇಲ್ಲಿನ ಬೋರಿನ ನೀರು ಸವಳು. ಅದರಲ್ಲಿ ಬೇಳೆಯೇ ಬೇಯುವುದಿಲ್ಲ, ಬಿಯರು ಎಲ್ಲಿಂದ ಬರಬೇಕು. ನದಿಯ ನೀರು ತರಿಸಿ, ಸೋಸಿ, ಬೇಕಾದಷ್ಟೇ ಉಪ್ಪಿನಂಶ ಉಳಿಸುವುದು ನನ್ನ ಕೆಲಸ. ರುಚಿ ನೋಡುವುದೂ ಅದರೊಳಗೇ ಸೇರಿದೆಯೆಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ.

ಒಂದು ಗುಟುಕು ಬಾಯಲ್ಲಿ ಹಿಡಿದೆ. ಮೊದಲು ಹಾಗಲಕಾಯಿಯ ಕಹಿ. ಆಮೇಲೆ, ಎಲ್ಲಿಂದಲೋ, ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಆವಿಯ ವಾಸನೆ. ಉಗುಳಿ ಬಂದು ಅದನ್ನೇ ಹೇಳಿದೆ. ಸರ್ ನಕ್ಕರು. ಅವರು ಮಾನ್ವಿಯ ಅಕ್ಕಿ ಗಿರಣಿ ಮನೆತನದವರು. ಪುಣೆಯಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ ಊರ ಕಡೆಗೆ ಬಂದಿದ್ದರು. ಗ್ಲಾಸಿನಲ್ಲಿದ್ದದ್ದು ಮಾನ್ವಿಯ ಅಕ್ಕಿ ಹಾಕಿ ಮಾಡಿದ ಬಿಯರು.

"ಪುಸ್ತಕದಾಗಿನ ಮಾತು ನನಗೂ ಬರ್ತಾವ್ರಿ. ನೀವು ನಿಮ್ಮ ಅಡಗಿ ಮನಿ ಮಾತಿನಾಗ ಬರೀರಿ" ಎಂದು ಒಂದು ನೋಟುಬುಕ್ಕು ಕೊಟ್ಟರು.

ಹಾಗೆ ಬರೆಯತೊಡಗಿದೆ. ಕಪ್ಪು ಬಿಯರಿಗೆ 'ತುಸು ಹೆಚ್ಚೇ ಹುರಿದ ಶೇಂಗಾದ ಸಿಪ್ಪೆ, ಕೊನೆಗೆ ಹಾಲಿಲ್ಲದ ಚಹಾ'. ಪುಂಡಿ ಹೂವು ಹಾಕಿದ ಕೆಂಪು ಬಿಯರಿಗೆ 'ದವಡೆ ಹಿಂಡುವ ಹುಳಿ, ಉಪ್ಪು ಬೇಡುತ್ತದೆ'. ಒಂದು ಸಲ ಬರೇ 'ಒದ್ದೆ ಗೋಣಿಚೀಲ' ಎಂದು ಬರೆದೆ. ಸರ್ ತಾವೂ ರುಚಿ ನೋಡಿ, ಆ ತೊಟ್ಟಿಯಷ್ಟನ್ನೂ ಚೆಲ್ಲಿಸಿದರು. ನನ್ನ ನಾಲಿಗೆಯ ಮೇಲೆ ನನಗೆ ನಂಬಿಕೆ ಬಂದದ್ದು ಅವತ್ತು.

ಮನೆಯಲ್ಲಿ ಗಂಡನಿಗೆ ಹೇಳಿದ್ದೆ. ಅವ್ವನಿಗೆ ಹೇಳಿರಲಿಲ್ಲ.

ಅವ್ವ ಇರುವುದು ದೇವದುರ್ಗದಲ್ಲಿ. ಗಾರೆ ಕೆಲಸದ ಮನೆತನ ನಮ್ಮದು, ದಿನಾ ಬುದ್ಧನ ಪಂಚಶೀಲ ಹೇಳುವ ಮನೆ. ಅದರ ಐದನೆಯ ಮಾತೇ ಮದ್ಯದಿಂದ ದೂರವಿರುವುದು. ಅಪ್ಪ ಕುಡಿಯುತ್ತಿರಲಿಲ್ಲ. ಆದರೆ ಓಣಿಯ ತುದಿಗಿದ್ದ ಸಾರಾಯಿ ಅಂಗಡಿಯಿಂದ ಅಕ್ಕಪಕ್ಕದ ಮನೆಗಳು ಹಾಳಾಗುತ್ತಿದ್ದವು. ನಾನು ಚಿಕ್ಕವಳಿದ್ದಾಗ ಅವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಂಗಡಿ ಅಲ್ಲಿಂದ ಎದ್ದುಹೋಗುವವರೆಗೂ ಮೇಲೇಳಲಿಲ್ಲ. ಅಂಥವಳಿಗೆ ನಾನು ಏನೆಂದು ಹೇಳಲಿ? "ನೀರಿನ ಲ್ಯಾಬಿನಾಗ ಕೆಲಸ" ಎಂದೆ. ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡನೆಯ ವರ್ಷ ಸರ್‌ಗೆ ಜೋಳದ ಬಿಯರು ಮಾಡುವ ಆಸೆ ಹುಟ್ಟಿತು. "ಅಕ್ಕಿ ಬಿಯರು ಎಲ್ಲಾ ಕಡಿ ಸಿಗ್ತದ. ಜೋಳದ್ದು ನಮ್ಮ ನೆಲದ್ದು" ಎಂದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಜೊತೆ ಜೋಳದ ಹಿಟ್ಟು ಸೇರಿಸಿ, ಎಂದಿನಂತೆ ಕುದಿಯದ ಬಿಸಿ ನೀರಿನಲ್ಲಿ ನೆನೆಸಿದರು. ಹಿಟ್ಟು ಅಂಟಾಗಿ ತೊಟ್ಟಿಯ ತಳದ ಜಾಲರಿಯನ್ನು ಮುಚ್ಚಿಹಾಕಿತು. ರಸ ಹನಿಯೂ ಇಳಿಯಲಿಲ್ಲ. ನಾವೆಲ್ಲ ತೋಳು ಏರಿಸಿ ಬಕೆಟ್ಟಿನಲ್ಲಿ ಆ ಅಂಟನ್ನು ಬಳಿದು ಹಾಕಿದೆವು. ಎರಡನೆಯ ಸಲ ಹೇಗೋ ಇಳಿಯಿತು, ಆದರೆ ರುಚಿ ಹಸಿ ಹಿಟ್ಟು ನೆಕ್ಕಿದಂತಿತ್ತು. ಸರ್ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತುಬಿಟ್ಟರು.

ಆ ಭಾನುವಾರ ದೇವದುರ್ಗಕ್ಕೆ ಹೋದಾಗ ಅವ್ವ ಜೋಳದ ನುಚ್ಚು ಮಾಡುತ್ತಿದ್ದಳು. ನೀರು ಕೊತಕೊತ ಕುದಿಯುವವರೆಗೆ ಕಾದು, ಆಮೇಲೆ ಒಡೆದ ಜೋಳ ಸುರಿದಳು.

"ಮೊದಲ ಹಾಕಿದ್ರ ಏನಾಗ್ತದ ಯವ್ವಾ?"

"ಕುದಿ ಬರಲಾರದ ನೀರಿಗಿ ಹಾಕಿದ್ರ ಜೋಳ ಅರಳಂಗಿಲ್ಲ. ಹಸಿ ಉಳೀತದ."

"ಹಿಟ್ಟು ಹಾಕಿದ್ರ?"

"ಹಿಟ್ಟು ಯಾಕ? ಅಂಟಾಗ್ತದ. ಒಂದಕ್ಕ ನಾಕ ತುಂಡು ಆಗಬೇಕು ಕಾಳು, ಅಷ್ಟ."

ಅದು ಎಷ್ಟು ಹೊತ್ತು ಕುದಿಯಬೇಕು, ಆರಲು ಎಷ್ಟು ಹೊತ್ತು ಬೇಕು, ಯಾವ ಜೋಳ ಬೇಗ ಅರಳುತ್ತದೆ ಎಂದು ಕೇಳುತ್ತಲೇ ಹೋದೆ. ಅವ್ವ ಸೌಟು ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀರಿನ ಕೆಲಸದಾಕಿಗಿ ಜೋಳದ ಉಸಾಬರಿ ಯಾಕ ಬೇ?"

ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ಹೇಳಿದೆ. ಅವ್ವ ಬೈಯಲಿಲ್ಲ. ತಟ್ಟೆಗೆ ನುಚ್ಚು ಹಾಕಿ, ಮೇಲೆ ಮಜ್ಜಿಗೆ ಸುರಿದು ನನ್ನ ಮುಂದಿಟ್ಟಳು. ನಾನು ಅರ್ಧ ಉಂಡಾಗ ಮೆಲ್ಲಗೆ ಅಂದಳು: "ಆ ಅಂಗಡಿ ಮುಂದ ಕುಂತಾಗ ನೀ ನನ್ನ ತೊಡಿ ಮ್ಯಾಲ ಮಲಗಿದ್ದಿ." ಅಷ್ಟೇ. ಬಸ್‌ಸ್ಟ್ಯಾಂಡಿಗೆ ಯಾವತ್ತೂ ಬರುವವಳು ಅವತ್ತು ಬರಲಿಲ್ಲ. ಆಮೇಲೆ ಫೋನೂ ಇಲ್ಲ. ನಾನು ಮಾಡಿದರೆ ಅವಳ ಜೊತೆಗಿರುವ ಅಣ್ಣ ಎತ್ತಿ, "ಅವ್ವ ಹೊರಗ ಹೋಗ್ಯಾಳ" ಎನ್ನುತ್ತಿದ್ದ.

ಸೋಮವಾರ ಸರ್‌ಗೆ ಹೇಳಿದೆ. ಹಿಟ್ಟು ಬೇಡ, ನುಚ್ಚು ಒಡೆಸೋಣ. ಮೊದಲು ಅದೊಂದನ್ನೇ ಕುದಿಸಿ ಅರಳಿಸಿ, ಆರಿದ ಮೇಲೆ ಬಾರ್ಲಿಗೆ ಕೂಡಿಸೋಣ ಎಂದೆ. ಅವರು ಹಣೆ ಬಡಿದುಕೊಂಡರು. ಬೇರೆ ಧಾನ್ಯಕ್ಕೆ ಹಾಗೆ ಮಾಡುವುದು ಅವರಿಗೆ ಗೊತ್ತಿತ್ತು, ಜೋಳಕ್ಕೆ ಹೊಳೆದಿರಲಿಲ್ಲ. ಮಾಡಿದೆವು. ರಸ ದಾರದಂತೆ ಇಳಿಯಿತು. ಯೀಸ್ಟು ಹಾಕಿ ಮೂರು ವಾರ ಕಾದೆವು.

ಆ ಬಿಯರಿನ ಬಣ್ಣ ಒಣ ಹುಲ್ಲಿನದು, ತುಸು ಮಸುಕು. ಬಾಯಿಗೆ ಹೋದೊಡನೆ ಸದ್ದು ಮಾಡುವುದಿಲ್ಲ. ನಾಲಿಗೆಯ ನಡುವೆ ಬಂದಾಗ ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಯ ರುಚಿ; ಆಮೇಲೆ ತೆಳ್ಳನೆಯ ಕಹಿ; ಎಲ್ಲ ಮುಗಿಯಿತು ಅನ್ನುವಾಗ, ಚಿಕ್ಕಂದಿನಲ್ಲಿ ಹೊಲದಲ್ಲಿ ಹಸಿ ದಂಟು ಸಿಗಿದು ಜಗಿದಾಗಿನ ಸಿಹಿ. ನೋಟುಬುಕ್ಕಿನಲ್ಲಿ ಇಷ್ಟನ್ನೂ ಬರೆದೆ. ಎಲ್ಲರೂ ಕೈ ತಟ್ಟಿದರು. ಈ ರುಚಿಯ ಗುಟ್ಟು ಕೊಟ್ಟವಳು ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗೇಟಿನ ಕಾವಲುಗಾರ ಬಂದು, "ಮೇಡಂ, ನಿಮ್ಮ ತಾಯಿ ಬಂದಾರ" ಎಂದ. ಓಡಿದೆ. ಅವ್ವ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಕೈಚೀಲ ಹಿಡಿದು, ಬಿಸಿಲಲ್ಲಿ ನಿಂತಿದ್ದಳು.

"ನೋಡಾಕ ಬಂದೀನಿ. ತೋರಸು."

ಒಳಗೆ ಕರೆದೊಯ್ದೆ. ಅವತ್ತು ಜೋಳದ್ದೇ ಪಾಕ ನಡೆದಿತ್ತು. ಸರ್ ಎದ್ದುನಿಂತು, "ಬರ್ರಿ ಯವ್ವಾ" ಎಂದು ಕುರ್ಚಿ ಕೊಟ್ಟರು. ಅವ್ವ ಕೂರಲಿಲ್ಲ. ತೊಟ್ಟಿಯಿಂದ ತೊಟ್ಟಿಗೆ ಹೋಗಿ, ಮುಚ್ಚಳದ ಆವಿಗೆ ಮೂಗೊಡ್ಡಿ, ಹೆಂಗಸರು ಬೇರೆಯವರ ಅಡುಗೆಮನೆ ನೋಡುವ ಹಾಗೆ ನೋಡಿದಳು. ಸರ್ ಯೀಸ್ಟು ಬೀಳುವ ಮುಂಚಿನ ಬಿಸಿ ರಸವನ್ನು ಲೋಟದಲ್ಲಿ ಹಿಡಿದು ತಂದರು.

"ಇದರಾಗ ಇನ್ನಾ ಏನೂ ಇಲ್ರಿ ಯವ್ವಾ. ಬರೇ ಜೋಳದ, ಬಾರ್ಲಿ ರಸ. ಅಮಲು ಬರೋದು ಆಮ್ಯಾಲ."

ಅವ್ವ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಸೀತನಿ ತಿಂದಂಗ ಅದ" ಎಂದಳು. ಎಳೆಯ ಜೋಳದ ತೆನೆ ಸುಟ್ಟು ಉಜ್ಜಿ ತಿನ್ನುವ ಸೀತನಿ. ನಾನು ಅಷ್ಟು ದಿನ ಹುಡುಕಿಯೂ ಸಿಗದಿದ್ದ ಮಾತು. ಲೋಟ ಪೂರ್ತಿ ಕುಡಿದು ಕೆಳಗಿಟ್ಟಳು. ಆಮೇಲೆ ಸರ್‌ಗೆ ಕೇಳಿದಳು: "ಇಂಥಾ ಸೀ ಇದ್ದದ್ದು ಇಷ್ಟಕ್ಕ ನಿಂದ್ರಸಬಾರದೇನ್ರಿ?"

ಸರ್ ಕೈ ಉಜ್ಜಿಕೊಂಡರು.

"ನಿಮ್ಮ ಹೆಸರ ಇದಕ್ಕ ಇಡೋಣಂತ ಮಾಡೀವ್ರಿ" ಎಂದರು ಅವರು, ಮಾತು ಬದಲಿಸಲು.

"ಬ್ಯಾಡ್ರಿಯಪ್ಪಾ. ನನ್ನ ಹೆಸರ ಹಿಡದು ಯಾರೂ ಕುಡಿಯೋದು ಬ್ಯಾಡ."

ಹೊರಗೆ ಬೇವಿನ ಕೆಳಗೆ ಕುಳಿತು, ತಂದ ರೊಟ್ಟಿ ಬಿಚ್ಚಿದಳು. ಇಬ್ಬರೂ ಉಂಡೆವು. ಆಗ ಅಂದಳು: "ನನಗ ಇದು ಸರಿ ಅನಸಂಗಿಲ್ಲ, ಮುಂದೂ ಅನಸಂಗಿಲ್ಲ. ಆದ್ರ ಮಗಳು ಏನ್ ಮಾಡ್ತಾಳಂತ ಓಣ್ಯಾಗ ಕೇಳಿದ್ರ ಖರೇ ಹೇಳ್ತೀನಿ. ಸುಳ್ಳು ಹೇಳಿದ್ದಿ ನೋಡು, ಅದ ನನಗ ಹೆಚ್ಚ ಚುಚ್ಚಿದ್ದು."

ನಾನು ಅವಳ ಕೈ ಹಿಡಿದುಕೊಂಡೆ. ಕೊಸರಿಕೊಳ್ಳಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಿ ಬಂದೆ.

ಜೋಳದ ಬಿಯರಿಗೆ ಈಗ 'ಜೋಳದ್ದು' ಎಂದಷ್ಟೇ ಹೆಸರು. ಹೈದರಾಬಾದಿನಿಂದ ಬಂದವರೂ ಅದನ್ನೇ ಕೇಳಿ ಕುಡಿಯುತ್ತಾರೆ. ನಾನು ಈಗಲೂ ಒಂದು ಗುಟುಕಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಹೊಸ ಜೋಳ ಬಂದಾಗ ಒಂದು ಹಿಡಿ ಕಟ್ಟಿಕೊಂಡು ದೇವದುರ್ಗಕ್ಕೆ ಹೋಗುತ್ತೇನೆ. ಅವ್ವ ಎರಡು ಕಾಳು ಹಲ್ಲಿನಲ್ಲಿ ಕಡಿದು ನೋಡುತ್ತಾಳೆ. ಕಳೆದ ಸಲ, "ಇದು ಹ್ವಾದ ವರ್ಷದ್ದು, ವಾಪಸ್ ಕಳಸು" ಎಂದಳು. ಕಳಿಸಿದೆವು.