ಕೇರಂ ಬೋರ್ಡಿಗೆ ಇಸ್ತ್ರಿ

ಕಡೂರಿನ ನಮ್ಮ ಕ್ಲಬ್ಬಿನ ಬಾಗಿಲನ್ನು ನಾನು ಸಂಜೆ ನಾಲ್ಕಕ್ಕೆ ತೆಗೆಯುತ್ತೇನೆ. ನಾಲ್ಕು ಎಂದರೆ ನಾಲ್ಕು. ಎರಡು ನಿಮಿಷ ಮೊದಲು ಬಂದವರು ಎರಡು ನಿಮಿಷ ಜಗಲಿಯ ಮೇಲೆ ಕೂರುತ್ತಾರೆ. ಮಳೆ ಬಂದರೆ ಎರಚಲು ಹೊಡೆಸಿಕೊಳ್ಳುತ್ತಾ ಕೂರುತ್ತಾರೆ. ನಾನು ಸ್ಟೇಷನ್ ಮಾಸ್ತರನಾಗಿದ್ದವನು. ಗಾಡಿ ತಡವಾದರೂ ನನ್ನ ಗಡಿಯಾರ ತಡವಾಗದಂತೆ ನೋಡಿಕೊಂಡು ಮೂವತ್ತು ಚಿಲ್ಲರೆ ವರ್ಷ ಕಳೆದಿದ್ದೇನೆ. ನಿವೃತ್ತನಾದ ಮೇಲೆ ನನ್ನ ವಶದಲ್ಲಿ ಉಳಿದ ಬೀಗ ಇದೊಂದೇ. ಮನೆಯ ಕೀಲಿಕೈಗಳೆಲ್ಲ ಹೆಂಡತಿಯ ಸೊಂಟದಲ್ಲಿವೆ. ಆದ್ದರಿಂದ ಕ್ಲಬ್ಬಿನ ಕೀಲಿಕೈಯನ್ನು ನಾನೇ ಪಣಕ್ಕಿಟ್ಟೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಇಟ್ಟದ್ದು ನಿಜ.

ಕ್ಲಬ್ಬೆಂದರೆ ದೊಡ್ಡದೇನಲ್ಲ. ಹೆಂಚಿನ ಒಂದು ಹಜಾರ, ಎರಡು ಕೇರಂ ಬೋರ್ಡು, ಕಾಲು ಅಲ್ಲಾಡುವ ಒಂದು ಟೇಬಲ್ ಟೆನಿಸ್ ಮೇಜು, ಪತ್ರಿಕೆ ಓದಲು ಬೆಂಚು. ಸದಸ್ಯರಲ್ಲಿ ಹೆಚ್ಚಿನವರಿಗೆ ಅರವತ್ತು ದಾಟಿದೆ.

ಒಂದು ಗೃಹಪ್ರವೇಶಕ್ಕೆಂದು ಅಜ್ಜಂಪುರಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಅಲ್ಲಿಯ ಕ್ಲಬ್ಬಿಗೆ ಹೋಗಿ ಪತ್ರಿಕೆ ಹಿಡಿದೆ. ಒಂದು ದೀಪವೂ ಉರಿಯುತ್ತಿರಲಿಲ್ಲ, ಆದರೂ ವಧೂವರರ ಜಾಹೀರಾತಿನ ಸಣ್ಣ ಅಕ್ಷರ ಸಲೀಸಾಗಿ ಕಾಣುತ್ತಿತ್ತು. ತಲೆಯೆತ್ತಿ ನೋಡಿದರೆ ಹೆಂಚುಗಳ ನಡುವೆ ಅಲ್ಲಲ್ಲಿ ಗಾಜಿನ ಹೆಂಚು. ನಮ್ಮಲ್ಲಾದರೋ ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದಾಗಲೂ ಒಳಗೆ ಆರು ಟ್ಯೂಬ್‌ಲೈಟು ಉರಿಯುತ್ತಿದ್ದವು. ವಾಪಸು ಬರುವ ಬಸ್ಸಿನಲ್ಲೇ ನನ್ನ ಕಾರ್ಯಕ್ರಮ ತಯಾರಾಯಿತು.

ಮೊದಲು ಗಾಜಿನ ಹೆಂಚು ಹಾಕಿಸಿದೆ. ಆಮೇಲೆ ಗೆದ್ದ ಕಪ್ಪುಗಳನ್ನಿಟ್ಟ ಬೀರುವನ್ನು ಸರಿಸಿದೆ; ಅದರ ಹಿಂದೆ ಒಂದು ಕಿಟಕಿಯಿತ್ತು, ಅದು ಯಾರ ನೆನಪಿನಲ್ಲೂ ಇರಲಿಲ್ಲ. ಚಹಾದ ಕಾಗದದ ಲೋಟ ನಿಂತಿತು. ಎಲ್ಲರೂ ಮನೆಯಿಂದ ಸ್ಟೀಲ್ ಲೋಟ ತರಬೇಕು, ತಾವೇ ತೊಳೆಯಬೇಕು, ತೊಳೆದ ನೀರು ಹಿತ್ತಿಲ ಬಾಳೆಗೆ ಹೋಗಬೇಕು. ಮೀಟರಿನ ಪಕ್ಕ ಒಂದು ಕರಿಹಲಗೆ ತೂಗುಹಾಕಿ ಹಿಂದಿನ ದಿನ ಎಷ್ಟು ಯೂನಿಟ್ ಉರಿಯಿತೆಂದು ದಿನವೂ ಬರೆಯತೊಡಗಿದೆ. ಗಾಡಿ ಎಷ್ಟು ತಡವೆಂದು ಬರೆದ ಕೈಗೆ ಅದೇ ಬಗೆಯ ಕೆಲಸ ಮತ್ತೆ ಸಿಕ್ಕಿತು.

ಉಳಿದದ್ದು ಕೇರಂ ಬೋರ್ಡಿನ ಬಲ್ಬು. ಜಂತಿಯಿಂದ ಸರಪಳಿ, ಸರಪಳಿಗೆ ತಗಡಿನ ಟೋಪಿ, ಟೋಪಿಯೊಳಗೆ ಇನ್ನೂರು ವ್ಯಾಟಿನ ಹಳೇ ಕಾಲದ ಬಲ್ಬು. ಬೋರ್ಡಿಗೊಂದು, ನಾಲ್ಕರಿಂದ ಎಂಟರವರೆಗೆ. ಅದರ ಕೆಳಗೆ ಬಗ್ಗಿ ಆಡುವವರ ಬೋಳುತಲೆಗಳು ಕೊಬ್ಬರಿಯಂತೆ ಒಣಗುತ್ತಿದ್ದವು. ಎರಡನ್ನೂ ಕಿತ್ತು ಎಲ್‌ಇಡಿ ಹಾಕಿದೆ.

ಆಗ ಎದ್ದು ನಿಂತವರು ನಮ್ಮ ಕೊಬ್ಬರಿ ಮಂಡಿಯವರು. ಮೈ ಭಾರ, ನಾಲಿಗೆ ಹಗುರ. ಕೇರಮ್ಮಿನಲ್ಲಿ ಕ್ಲಬ್ಬಿಗೇ ಮೊದಲಿಗರು.

"ಮಾಸ್ತರ್ರೇ, ಆ ಬಲ್ಬು ಬರೀ ಬೆಳಕಿಗಲ್ಲ ಕಣ್ರೀ. ಬೋರ್ಡು ಬೆಚ್ಚಗಿರ್ಬೇಕು. ಮಳೆಗಾಲದಾಗೆ ಮರ ನೀರು ಕುಡೀತದೆ. ಕೊಬ್ಬರಿ ಒಣಗ್ಸೋನು ನಾನು, ನಂಗೊತ್ತಿಲ್ವಾ?"

"ಬೋರಿಕ್ ಪೌಡರ್ ಇದೆಯಲ್ಲ."

"ಪೌಡರ್ ಹಾಕಿದ್ರೆ ಮದ್ವೆಗೆ ಹೊಂಟಂಗೆ ಕಾಣ್ತದೆ ಅಷ್ಟೇ, ಕಾಯಿ ಓಡಲ್ಲ. ಶ್ರಾವಣದಾಗೆ ತರೀಕೆರೆಯವ್ರು ಮ್ಯಾಚಿಗೆ ಬತ್ತಾರೆ. ಅವ್ರ ಮುಂದೆ ಕಾಯಿ ನಡುದಾರೀಲಿ ನಿಂತ್ಕಂಡ್ರೆ ಮರ್ಯಾದೆ ಯಾರ್ದು ಹೋಗದು?"

"ಈ ದೀಪದ ಕೆಳಗೇ ಓಡುತ್ತೆ. ತರೀಕೆರೆಯವರ ಮುಂದೆ ಓಡದಿದ್ದರೆ ಕೀಲಿಕೈ ನಿಮಗೆ ಕೊಡುತ್ತೇನೆ."

ಮಂಡಿಯವರು ಸುತ್ತ ನೋಡಿ, "ಎಲ್ರೂ ಕೇಳುಸ್ಕಂಡ್ರಲ್ಲ?" ಎಂದರು. ಅವರ ಕೈಗೆ ಕೀಲಿಕೈ ಹೋದರೆ ಏನಾಗುವುದೆಂದು ಅವರೇ ಅಲ್ಲೇ ಹೇಳಿಬಿಟ್ಟರು: ಹಳೇ ಬಲ್ಬು ಹಿಂದಕ್ಕೆ, ಬಾಗಿಲು ಯಾವಾಗ ಬೇಕಾದರೆ ಆವಾಗ. "ಬೀಗ ಯಾಕ್ರೀ, ಚಿಲ್ಕ ಸಾಕು."

ಕಡೂರಿನ ಮಳೆ ಲಕ್ಕವಳ್ಳಿಯ ಕಡೆಯ ಮಳೆಯಂತೆ ಸುರಿಯುವುದಿಲ್ಲ, ನೆನೆಸುತ್ತದೆ. ಆ ವರ್ಷ ಆಷಾಢದ ಕೊನೆಯಲ್ಲಿ ಸೋನೆ ಹಿಡಿಯಿತು. ಗಾಳಿಯಲ್ಲೇ ನೀರು. ಮೂರನೆಯ ದಿನ ನಾನು ಬೋರ್ಡಿನ ಮೇಲೆ ಅಂಗೈ ಇಟ್ಟು ನೋಡಿದೆ. ಹಸುವಿನ ಮೂತಿಯಂತೆ ತಣ್ಣಗೆ, ತೇವವಾಗಿತ್ತು. ಅಂದು ಸಂಜೆ ಮಂಡಿಯವರು ಹೊಡೆದ ಕೆಂಪು ಕಾಯಿ ಬೋರ್ಡಿನ ಮೂಲೆಯ ಜೇಬಿನಿಂದ ಗೇಣುದೂರದಲ್ಲಿ ನಿಂತುಬಿಟ್ಟಿತು.

"ನೋಡ್ರಪ್ಪಾ, ನೋಡ್ರಿ! ಕಾಯಿ ಬೀರೂರಲ್ಲೇ ಇಳ್ಕಂಬಿಡ್ತು, ಕಡೂರಿಗೆ ಬರ್ಲೇ ಇಲ್ಲ. ಮಾಸ್ತರ್ರೇ, ಸಿಗ್ನಲ್ ಕೊಡ್ರಿ ಸ್ವಲ್ಪ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಕೈ ಮಾತ್ರ ಜೇಬಿನೊಳಗಿನ ಕೀಲಿಕೈಯನ್ನು ಹಿಡಿದುಕೊಂಡಿತ್ತು.

ಮರುದಿನ ಮೂರು ಗಂಟೆಗೆ, ಊರೆಲ್ಲ ಮಲಗಿರುವ ಹೊತ್ತಿನಲ್ಲಿ, ಮನೆಯ ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು ಕ್ಲಬ್ಬಿಗೆ ಹೋದೆ. ಒಳಗಿನಿಂದ ಅಗುಳಿ ಹಾಕಿದೆ. ಬೋರ್ಡಿನ ಮೇಲೆ ನನ್ನ ಹಳೆಯ ಪಂಚೆಯನ್ನು ಹಾಸಿ ಮೂಲೆಯಿಂದ ಮೂಲೆಗೆ ಇಸ್ತ್ರಿ ಹಾಕಿದೆ. ಬೋರ್ಡಿಗೆ ಅರ್ಧ ಗಂಟೆಯಂತೆ ಒಟ್ಟು ಒಂದು ಗಂಟೆ. ಪಂಚೆಯಿಂದ ಆವಿ ಏಳುತ್ತಿತ್ತು. ನಾಲ್ಕಕ್ಕೆ ಬಾಗಿಲು ತೆಗೆದಾಗ ನನ್ನ ಅಂಗಿ ಬೆವರಿನಲ್ಲಿ ನೆಂದಿತ್ತು, ಬೋರ್ಡುಗಳು ಗರಿಗರಿಯಾಗಿದ್ದವು. ಅಂದು ಕಾಯಿಗಳು ಎಕ್ಸ್‌ಪ್ರೆಸ್ಸಿನಂತೆ ಓಡಿದವು. ಮಂಡಿಯವರು ಬಾಗಿ ದೀಪವನ್ನೇ ನೋಡಿದರು, ಬೋರ್ಡಿನ ಅಡಿಯನ್ನೂ ನೋಡಿದರು.

ಮನೆಯಲ್ಲಿ ಮಾತ್ರ ನನ್ನ ಹೆಂಡತಿ ಸುಮ್ಮನಿರಲಿಲ್ಲ.

"ಏನ್ರೀ, ಮಧ್ಯಾಹ್ನ ಇಸ್ತ್ರಿಪೆಟ್ಗೆ ಎಲ್ಲೋಗ್ತದೆ?"

"ರಿಪೇರಿಗೆ ಕೊಟ್ಟಿದ್ದೇನೆ."

"ರಿಪೇರಿಗೆ ಕೊಟ್ಟಿದ್ದು ದಿನಾ ಸಂಜೆ ಮನೆಗೆ ಬಂದು ಮಲೀಕತ್ತದಾ? ನಿಮ್ಮ ಪಂಚೇಲಿ ಪೌಡರ್ ವಾಸ್ನೆ ಬೇರೆ."

ಹೇಳಬೇಕಾಯಿತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮದ್ವೆಯಾಗಿ ನಲವತ್ತು ವರ್ಷಾಯ್ತು. ನನ್ನ ಸೀರೆಗೆ ಒಂದ್ಸಲ ಹಾಕ್ಲಿಲ್ಲ. ಕೇರಂ ಬೋರ್ಡಿಗೆ ದಿನಾ ಹಾಕ್ತಿದೀರ" ಎಂದಳು.

ಹೆಂಡತಿಯ ಬಾಯಿಯನ್ನು ಹೇಗೋ ಮುಚ್ಚಿಸಬಹುದು. ಮೀಟರಿನ ಬಾಯಿ ಮುಚ್ಚುವುದಿಲ್ಲ. ಹಳೇ ಬಲ್ಬುಗಳಿದ್ದಾಗ ಕರಿಹಲಗೆಯ ಮೇಲೆ ಮೂರು ಇರುತ್ತಿತ್ತು. ಎಲ್‌ಇಡಿ ಬಂದ ಮೇಲೆ ಒಂದೂವರೆಗೆ ಇಳಿದಿತ್ತು. ಇಸ್ತ್ರಿ ಶುರುವಾದ ಮರುದಿನ ನೋಡಿದರೆ ಎರಡೂವರೆ. ಸೀಮೆಸುಣ್ಣ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಬರೆದದ್ದು ನಡೆದದ್ದಾಗಿರಬೇಕು ಎಂದು ರೈಲ್ವೆಯಲ್ಲಿ ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಲಿಸಿದ್ದರು. ಇಸ್ತ್ರಿ ಹಾಕಿದ್ದನ್ನು ಮುಚ್ಚಿಡಲು ಮನಸ್ಸು ಒಪ್ಪಿತು, ಸುಳ್ಳು ಅಂಕಿ ಬರೆಯಲು ಕೈ ಒಪ್ಪಲಿಲ್ಲ. ಇದು ಯಾವ ಬಗೆಯ ಪ್ರಾಮಾಣಿಕತೆಯೋ ನನಗೆ ಇಂದಿಗೂ ತಿಳಿದಿಲ್ಲ. ಎರಡೂವರೆ ಎಂದೇ ಬರೆದೆ.

ನಾಲ್ಕು ದಿನ ಹೀಗೆ ಬರೆದ ಮೇಲೆ, ಪತ್ರಿಕೆಯ ಬೆಂಚಿನಲ್ಲಿ ಕೂರುವ ನಿವೃತ್ತ ಟೀಚರಮ್ಮ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಯಾರಿಗೋ ಕಷ್ಟ ಎಂದು ಅರ್ಥ.

"ಯಾರೋ ಕರೆಂಟ್ ಕದೀತಿದಾರೆ. ಅಲ್ಲ, ಮಂಡಿಯವರ ಹೊಸ ಕರೆಂಟ್ ಸ್ಕೂಟರು ದಿನಾ ಜಗಲಿ ಪ್ಲಗ್ಗಿನ ಪಕ್ಕದಲ್ಲೇ ಯಾಕೆ ನಿಲ್ಲುತ್ತೆ?"

ಮಂಡಿಯವರ ಕೈಯಲ್ಲಿದ್ದ ಸ್ಟ್ರೈಕರ್ ಕೆಳಗೆ ಬಿತ್ತು. "ಟೀಚರಮ್ಮ! ನಾನು ಕರೆಂಟ್ ಕದಿಯೋನಾ? ನಮ್ಮ ಮಂಡೀಲಿ ಮೂರು ಫೇಸ್ ಐತೆ! ನೆಳ್ಳಿರ್ತದೆ ಅಂತ ಅಲ್ಲಿ ನಿಲ್ಸಿದ್ದು!"

"ಸೋನೆ ಮಳೆಯಲ್ಲಿ ಎಂಥಾ ನೆರಳು?"

ಹಜಾರ ಗೊಳ್ಳೆಂದಿತು. ಸದಾ ಎಲ್ಲರನ್ನೂ ಹಂಗಿಸುವ ಆ ಮನುಷ್ಯನ ಕಿವಿ ಕೆಂಪಾದದ್ದನ್ನು ಅಂದೇ ನಾನು ಮೊದಲು ನೋಡಿದ್ದು. ನಾನು ಆಗಲೇ ಬಾಯಿ ಬಿಡಬೇಕಾಗಿತ್ತು. ಬದಲಿಗೆ ಗಂಭೀರವಾಗಿ, "ವಿಚಾರಣೆ ಮಾಡೋಣ" ಎಂದೆ. ವಿಚಾರಣೆಯ ಅಧಿಕಾರಿಯೂ ನಾನೇ.

ಮಂಡಿಯವರು ನನ್ನ ವಿಚಾರಣೆಗೆ ಕಾಯಲಿಲ್ಲ. ಮರುದಿನ, ಅಂದರೆ ತರೀಕೆರೆಯವರು ಬರುವ ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿದ್ದಾಗ, ಮೂರೂ ಮುಕ್ಕಾಲಿಗೆ ನಾನು ಬಗ್ಗಿ ಎರಡನೆಯ ಬೋರ್ಡಿನ ಅಂಚನ್ನು ಒತ್ತುತ್ತಿದ್ದೆ. ಕಿಟಕಿಯಲ್ಲಿ ಬೆಳಕು ಕಡಿಮೆಯಾಯಿತು. ಬೀರು ಸರಿಸಿ ನಾನೇ ಬಿಡಿಸಿದ ಕಿಟಕಿ. ಅದರ ತುಂಬ ಮಂಡಿಯವರ ಮುಖ.

"ಕಾಲರ್‌ಗೂ ಹಾಕ್ರಿ ಮಾಸ್ತರ್ರೇ," ಎಂದರು.

ಬಾಗಿಲು ತೆಗೆದೆ. ಅವರು ಒಳಗೆ ಬಂದು ಬೆಂಚಿನ ಮೇಲೆ ಕುಳಿತರು. ಬೈಯುತ್ತಾರೆಂದುಕೊಂಡಿದ್ದೆ. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಕೊನೆಗೆ ನಗು ಹೊರಗೆ ಬಂತು. ಕಣ್ಣೊರೆಸಿಕೊಂಡು, "ಕರೆಂಟ್ ಉಳ್ಸಕ್ಕೆ ಕರೆಂಟ್ ಸುಡೋನ್ನ ಇವತ್ತೇ ನೋಡಿದ್ದು. ಆದ್ರೆ ನನ್ನ ಸ್ಕೂಟರಿನ ಮೇಲೆ ಹಾಕ್ಬಿಟ್ರಲ್ಲ, ಅದು ಸರೀನಾ?" ಎಂದರು. ಕೊನೆಯ ಮಾತನ್ನು ನಗದೆ ಹೇಳಿದರು.

ಅಂದು ನಾಲ್ಕಕ್ಕೆ ಕರಿಹಲಗೆಯ ಮೇಲೆ ಅಂಕಿಯ ಕೆಳಗೆ ಬರೆದೆ: "ಹೆಚ್ಚಾದದ್ದು ಮಾಸ್ತರರ ಇಸ್ತ್ರಿಪೆಟ್ಟಿಗೆಯಿಂದ. ಸ್ಕೂಟರಿನಿಂದ ಅಲ್ಲ." ಎಲ್ಲರೂ ಎರಡೆರಡು ಸಲ ಓದಿದರು. ಟೀಚರಮ್ಮ ಮಂಡಿಯವರಿಗೆ ಕ್ಷಮೆ ಕೇಳಿ, ನನ್ನ ಕಡೆ ತಿರುಗಿ ಮತ್ತೆ ಕನ್ನಡಕ ತೆಗೆದರು. ನಾನು ಕೀಲಿಕೈಯನ್ನು ಹೊರಗೆ ತೆಗೆದೆ. ಮಂಡಿಯವರು ಕೈ ಅಡ್ಡ ಹಿಡಿದರು.

"ಇರ್ರೀ. ಮಾತು ತರೀಕೆರೆಯವ್ರ ಮುಂದೆ ಅಂತ ಆಗಿರೋದು. ಭಾನುವಾರ ಬರ್ಲಿ. ಆದ್ರೆ ಕರೆಂಟ್ ಪೆಟ್ಗೆ ಮುಟ್ಟಂಗಿಲ್ಲ."

ಮೂರು ದಿನ ಬೋರ್ಡುಗಳು ಮತ್ತೆ ಬೆವೆತವು. ನಮ್ಮವರು ಮೊಣಕೈಯಿಂದ ಜೋರು ತಂದು ಹೊಡೆಯುವುದನ್ನು ರೂಢಿ ಮಾಡಿಕೊಂಡರು. ನನಗೆ ಊಟ ಸೇರಲಿಲ್ಲ. ಶನಿವಾರ ಮಂಡಿಯವರೇ ನನ್ನನ್ನು ಕ್ಲಬ್ಬಿನ ಎದುರಿನ ಹೊಂಗೆಮರದ ಕೆಳಗೆ ಕರೆದುಕೊಂಡು ಹೋದರು. ಅಲ್ಲಿ ಗಾಡಿಯ ಮೇಲೆ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸಿದ್ದಾಳೆ. ಅವಳ ಪೆಟ್ಟಿಗೆಯೊಳಗೆ ಉರಿಯುವುದು ಮಂಡಿಯವರ ಅಂಗಳದಿಂದ ಬರುವ ತೆಂಗಿನ ಚಿಪ್ಪು. ಮಧ್ಯಾಹ್ನ ಬಟ್ಟೆಯೆಲ್ಲ ಮುಗಿದ ಮೇಲೂ ಅದರಲ್ಲಿ ಕೆಂಡ ಉಳಿದಿರುತ್ತದೆ.

"ಸಾಯೋ ಕೆಂಡ ಸುಮ್ನೆ ಸಾಯ್ತದೆ. ಅದ್ರಾಗೆ ಒತ್ಸಿ," ಎಂದರು. ತರೀಕೆರೆಯವರ ಮುಂದೆ ನನ್ನನ್ನು ಸೋಲಿಸಲು ಅವರಿಗೆ ಆಸೆ ಇತ್ತು, ಊರನ್ನು ಸೋಲಿಸಲು ಇರಲಿಲ್ಲ.

ಭಾನುವಾರ ಆಕೆ ಪೆಟ್ಟಿಗೆ ಹಿಡಿದು ಬೋರ್ಡಿನ ಮುಂದೆ ನಿಂತು ಕೇಳಿದಳು: "ಸಾರ್, ಪ್ಯಾಂಟು ಸರ್ಟೆಲ್ಲ ಮಾಡಿವ್ನಿ, ಹಲಗೆ ಇದೇ ಮೊದ್ಲು. ನೆರಿಗೆ ಎಲ್ಲಿ ಬರ್ಬೇಕು?"

ಹೊಗೆಯನ್ನು ಅಳೆಯುವ ಮೀಟರು ನಮ್ಮಲ್ಲಿಲ್ಲ, ಆದ್ದರಿಂದ ಆ ದಿನ ನನ್ನ ಕರಿಹಲಗೆ ಬಹಳ ಚೆನ್ನಾಗಿ ಕಂಡಿತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ತರೀಕೆರೆಯವರು ನಾಲ್ಕು ಮಂದಿ ಬಂದರು. ಅವರ ನಾಯಕರು ತೆಳ್ಳಗಿನ ವ್ಯಕ್ತಿ, ಬೋರ್ಡಿನ ಮೇಲೆ ಕೈಯಿಟ್ಟವರೇ, "ಏನ್ರೀ, ನಿಮ್ಮ ಬೋರ್ಡಿಗೆ ಜ್ವರ ಬಂದಂಗಿದೆ!" ಎಂದರು. ಕರೆಂಟಿನ ಪೆಟ್ಟಿಗೆ ಬೋರ್ಡನ್ನು ಒಣಗಿಸಿತ್ತಷ್ಟೇ, ಕೆಂಡದ ಪೆಟ್ಟಿಗೆ ಅದನ್ನು ಕನ್ನಡಿ ಮಾಡಿತ್ತು. ಎಲ್‌ಇಡಿಯ ಕೆಳಗೆ ಅವರು ಬೆರಳ ತುದಿಯಲ್ಲಿ ಮುಟ್ಟಿದರೆ ಕಾಯಿ ತಾನಾಗಿ ಜೇಬಿಗೆ ನಡೆಯಿತು. ನಮ್ಮವರ ಕೈಗೆ ಮಾತ್ರ ಒದ್ದೆ ಬೋರ್ಡಿನ ಜೋರು ಹತ್ತಿಬಿಟ್ಟಿತ್ತು. ಹೊಡೆದ ಕಾಯಿ ಬೋರ್ಡಿನ ನಾಲ್ಕು ಕಟ್ಟಿಗೂ ಬಡಿದು ಹೊಡೆದವರ ಬಳಿಗೇ ವಾಪಸಾಗುತ್ತಿತ್ತು. ಮಂಡಿಯವರ ಮೊದಲ ಹೊಡೆತಕ್ಕೆ ಸ್ಟ್ರೈಕರ್ ಕಟ್ಟು ಹಾರಿ ತರೀಕೆರೆ ನಾಯಕರ ಚಹಾದ ಲೋಟಕ್ಕೆ ಬಿತ್ತು. ಅವರು ಅದನ್ನು ಚಮಚದಿಂದ ತೆಗೆದು, ಒರೆಸಿ, ಬಹಳ ವಿನಯದಿಂದ ಹಿಂದಕ್ಕೆ ಕೊಟ್ಟರು. ಮೂರೂ ಆಟ ಸೋತೆವು.

ಅವರನ್ನು ಬಸ್ಸಿಗೆ ಕಳಿಸಿ ಬಂದು ಕುಳಿತೆವು. ವಾದ ಶುರುವಾಯಿತು. ಕಾಯಿ ಓಡಿತು, ಮಾಸ್ತರರೇ ಗೆದ್ದರು ಎಂದು ಕೆಲವರು. ಓಡಿದ್ದು ತರೀಕೆರೆಯವರ ಕಾಯಿ ತಾನೇ ಎಂದು ಕೆಲವರು. ನಾನು ಎದ್ದು ನಿಂತೆ. "ನಾನು ಹೇಳಿದ್ದು ದೀಪದ ಕೆಳಗೆ ಓಡುತ್ತೆ ಅಂತ. ಓಡಿಸಿದ್ದು ಕೆಂಡ. ಬಲ್ಬಿನ ಬಿಸಿಯ ವಿಷಯದಲ್ಲಿ ಮಂಡಿಯವರು ಹೇಳಿದ್ದೇ ಸರಿ." ಕೀಲಿಕೈಯನ್ನು ಬೋರ್ಡಿನ ನಡುವೆ ಇಟ್ಟೆ.

ಮಂಡಿಯವರು ಅದನ್ನು ಎತ್ತಿ ಅಂಗೈಯಲ್ಲಿ ತೂಗಿದರು, ತಿರುಗಿಸಿ ನೋಡಿದರು. "ಆಯ್ತು. ಇವತ್ತಿಂದ ಇದು ನಂದು. ದೀಪ ಹಿಂಗೇ ಇರ್ಲಿ, ತಲೆ ಸುಡೋದು ತಪ್ತು. ಮಳೆ ದಿನ ಆಯಮ್ಮನ ಕೆಂಡ." ಆಮೇಲೆ ಸ್ವಲ್ಪ ಯೋಚಿಸಿ, "ನಾಳೆ ನಾಲ್ಕಕ್ಕೇ ಬರ್ಬೇಕಾ?" ಎಂದು ಕೇಳಿದರು.

"ನಾಲ್ಕಕ್ಕೆ."

"ನಾಳೆ ಆಗಲ್ಲ ಕಣ್ರೀ. ಮಂಡಿಗೆ ಲೋಡ್ ಬತ್ತದೆ. ನಾಳೆ ಒಂದಿನ ನೀವೇ ತೆಗೀರಿ."

ಅಂದಿನಿಂದ ದಿನವೂ ಎಂಟು ಗಂಟೆಗೆ ಬೀಗ ಹಾಕಿ, ಕೀಲಿಕೈಯನ್ನು ಅದರ ಯಜಮಾನರ ಕೈಗೆ ಕೊಡುತ್ತೇನೆ. ದಿನವೂ ಅವರು ತೆಗೆದುಕೊಂಡು, ಸ್ಕೂಟರ್ ಹತ್ತಿ, "ಅಯ್ಯೋ, ನಾಳೆ ಲೋಡ್ ಐತಲ್ಲ" ಎಂದು ಹಿಂದಕ್ಕೆ ಕೊಡುತ್ತಾರೆ. ಮಂಡಿಗೆ ರಜೆಯಿರುವ ದಿನವೂ ಅವರಿಗೆ ಲೋಡ್ ಬರುತ್ತದೆ. ಎಲ್ಲಿಂದ ಬರುತ್ತದೆಂದು ನಾನು ಕೇಳಿಲ್ಲ.