ಬುತ್ತಿ ಹಾಡಿಗೆ ಬಂದ ತಕರಾರು

ನಮ್ಮ ಬ್ಯಾಂಡಿನಲ್ಲಿ ನಾಲ್ವರಿದ್ದೇವೆ, ಮೂವರು ಗಂಡಸರು ಮತ್ತು ನಾನು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವುದು ರೂಢಿಯಾಗಿಬಿಟ್ಟಿದೆ. ಚಿತ್ತಾಪುರದ ಸರ್ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾರೆ. ಗಿಟಾರ್ ಅವರದು, ಹಾಡು ಬರೆಯುವವರೂ ಅವರೇ. ವಾಡಿಯವನು ರೈಲ್ವೆ ನೌಕರ, ಬೇಸ್ ಗಿಟಾರ್ ನುಡಿಸುತ್ತಾನೆ. ಶಹಾಬಾದದವನು ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ಮಿಷನ್ ಓಡಿಸುತ್ತಾನೆ, ನಮ್ಮಲ್ಲಿ ಡ್ರಮ್ಸ್ ಬಾರಿಸುತ್ತಾನೆ. ನಾನು ಸೇಡಂನವಳು. ಕೀಬೋರ್ಡ್ ನುಡಿಸುತ್ತಾ ಹಾಡುತ್ತೇನೆ. ಹೊಟ್ಟೆಪಾಡಿಗೆ ಪಶು ಇಲಾಖೆಯಲ್ಲಿ ಪರೀಕ್ಷಕಿಯ ಕೆಲಸ. ಚಿಂಚೋಳಿ ತಾಲೂಕಿನ ಹಳ್ಳಿಗಳಲ್ಲಿ ದನಗಳಿಗೆ ಲಸಿಕೆ ಹಾಕಿ, ಗಾಯಕ್ಕೆ ಮದ್ದು ಕಟ್ಟಿ ಬರುತ್ತೇನೆ. ಅಲ್ಲಿಯವರ ಬಾಯಲ್ಲಿ ನಾನು ಡಾಕ್ಟರಮ್ಮ.

ಭಾನುವಾರ ಬೆಳಿಗ್ಗೆ ಸೇಡಂನಲ್ಲಿ ರೈಲು ಹತ್ತುತ್ತೇನೆ. ಚಿತ್ತಾಪುರದಲ್ಲಿ ಸರ್ ಗಿಟಾರ್ ಚೀಲವನ್ನು ಮಗುವಿನಂತೆ ಅವಚಿಕೊಂಡು ಹತ್ತುತ್ತಾರೆ. ವಾಡಿಯಲ್ಲಿ ಇಳಿದು ಮೂರನೆಯವನನ್ನು ಕೂಡಿಕೊಂಡು ಶಹಾಬಾದಕ್ಕೆ ಹೋಗುತ್ತೇವೆ. ಅಂದು ಯಾರ್ಡಿಗೆ ರಜೆ. ತಗಡಿನ ಶೆಡ್ಡಿನಲ್ಲಿ, ಕೊಯ್ದಿಟ್ಟ ಫರಸಿ ಕಲ್ಲುಗಳ ಸಾಲಿನ ನಡುವೆ, ಮಧ್ಯಾಹ್ನದವರೆಗೆ ನಮ್ಮ ಅಭ್ಯಾಸ. ಕಲ್ಲಿನ ಬೂದಿ ಕೀಬೋರ್ಡಿನ ಸಂದಿಗೆಲ್ಲ ಇಳಿಯುತ್ತದೆ. ಮನೆಗೆ ಹೋಗಿ ಹಳೆಯ ಟೂತ್‌ಬ್ರಷ್‌ನಿಂದ ಒಂದೊಂದೇ ಕೀ ತಿಕ್ಕಿ ತೆಗೆಯುತ್ತೇನೆ.

ಅಭ್ಯಾಸದಲ್ಲಿ ಎಲ್ಲವೂ ಚೆಂದ, ವೇದಿಕೆ ಹತ್ತಿದ ಮೇಲೆಯೇ ತ್ರಾಸು. ಹೆಚ್ಚಿನವರಿಗೆ ನಾವು ಆರ್ಕೆಸ್ಟ್ರಾ. ವಾಡಿಯಲ್ಲಿ ಒಮ್ಮೆ ಹೋಗಿ ನೋಡಿದರೆ ಬ್ಯಾನರಿನ ಮೇಲೆ ‘ಭಜನಾ ಮಂಡಳಿ’ ಎಂದು ಅಚ್ಚಾಗಿತ್ತು. ಮುಂದಿನ ಸಾಲಿನಲ್ಲಿ ತಾಳ ಹಿಡಿದು ಕುಳಿತಿದ್ದ ನಾಲ್ಕು ಜನ ಹಿರಿಯರು ಡ್ರಮ್ಸ್ ನೋಡಿ ಮೆಲ್ಲಗೆ ತಾಳಗಳನ್ನು ಚೀಲಕ್ಕೆ ಸೇರಿಸಿದರು. ಚಿತ್ತಾಪುರದ ಒಂದು ಮದುವೆಯಲ್ಲಿ ಹುಡುಗಿಯ ಕಾಕಾ ವೇದಿಕೆಗೇ ಬಂದು, “ಜರಾ ಹಗೂರ ಬಾರಸ್ರಿ, ಬೀಗರು ಮಾತಾಡ್ಲಿಕತ್ತಾರ” ಎಂದರು. ಸೌಂಡಿನವರದು ಇನ್ನೊಂದು ಕಥೆ. ಎಕೋ ಜಾಸ್ತಿ ಇದ್ದಷ್ಟೂ ಹಾಡು ಏರುತ್ತದೆಂದು ಅವರ ನಂಬಿಕೆ. ನಾನು ಒಮ್ಮೆ ಹಾಡಿದ್ದು ಮೂರು ಸಲ ಕೇಳುತ್ತದೆ, ಮೂರನೆಯದು ಬರುವಷ್ಟರಲ್ಲಿ ನಾನು ಮುಂದಿನ ಸಾಲಿನಲ್ಲಿರುತ್ತೇನೆ. ನಡುನಡುವೆ ಯಾರೋ ಮೈಕ್ ಕಸಿದು, ದಾರಿಗೆ ಅಡ್ಡ ನಿಂತ ಬಿಳಿ ಕಾರು ತೆಗೆಯಿರಿ ಎಂದು ಕೂಗುತ್ತಾರೆ. ಸಿನಿಮಾ ಹಾಡಿನ ಹೆಸರು ಬರೆದ ಚೀಟಿಗಳು ಬರುತ್ತಲೇ ಇರುತ್ತವೆ.

ಯಾವ ಆಡಿಯೊ ಕಂಪನಿಯೂ ನಮ್ಮನ್ನು ಕರೆದಿಲ್ಲ. ಒಮ್ಮೆ ನಾವೇ ಮೂರು ಹಾಡು ರೆಕಾರ್ಡ್ ಮಾಡಿ ಬೆಂಗಳೂರಿನ ಒಂದು ಕಡೆಗೆ ಕಳಿಸಿದ್ದೆವು. ಎಷ್ಟೋ ದಿನಗಳ ಮೇಲೆ ಅಲ್ಲಿಂದ ಒಬ್ಬರು ಫೋನ್ ಮಾಡಿ, ದನಿ ಚೆನ್ನಾಗಿದೆ, ಆದರೆ ಈ ಭಾಷೆ ನಿಮ್ಮ ಕಡೆಯವರಿಗೆ ಮಾತ್ರ ತಿಳಿಯುತ್ತದೆ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆದು ಕಳಿಸಿ ಎಂದು ಮರ್ಯಾದೆಯಿಂದಲೇ ಹೇಳಿದರು. ಸರ್ ಫೋನ್ ಇಟ್ಟರು. “ನಮ್ಮ ಕಡಿಯವ್ರಿಗಿ ತಿಳೀತದ ಅಂತ ಅವ್ರಿಗಿ ಯಾರ್ ಹೇಳಿದ್ರು?” ಎಂದರು. ನಾವು ನಕ್ಕೆವು. ಆದರೆ ಆ ಮಾತು ನನ್ನೊಳಗೆ ಉಳಿಯಿತು. ಅಷ್ಟು ಕಾರ್ಯಕ್ರಮಗಳಲ್ಲಿ ಒಬ್ಬರಾದರೂ ನಮ್ಮ ಹಾಡಿನ ಒಂದು ಸಾಲಿನ ಬಗ್ಗೆ, ಒಳ್ಳೆಯದೋ ಕೆಟ್ಟದ್ದೋ, ಏನಾದರೂ ಅಂದಿದ್ದರೇ? ನೆನಪಿಗೆ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಐನಾಪುರದ ಕಡೆಯ ಒಂದು ಹಳ್ಳಿಯ ಯುವಕರು ವಾಚನಾಲಯ ತೆರೆದರು. ಅದರ ಉದ್ಘಾಟನೆಗೆ ನಮ್ಮ ಹಾಡು ಇಟ್ಟಿದ್ದರು. ನಾನು ಲಸಿಕೆಗೆ ಹೋಗುವ ಹಳ್ಳಿಯೇ ಅದು. ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ, ನಮಗೆ ಒಂದು ತಾಸು, ಏಳು ಹಾಡು. ಸಾಮಾನೆಲ್ಲ ಟಂಟಂ ಗಾಡಿಗೆ ಹೇರಿಕೊಂಡು ಎರಡಕ್ಕೇ ಹೋಗಿ ಕುಳಿತೆವು. ಮುಖ್ಯ ಅತಿಥಿಗಳು ಬರಲಿಲ್ಲ. ಅವರು ಬಂದ ಕೂಡಲೇ ನಿಲ್ಲಿಸಬೇಕು, ಅಲ್ಲಿಯವರೆಗೆ ಶುರು ಮಾಡಬಾರದು ಎಂದು ಸಂಘದ ಹುಡುಗರು ಹೇಳಿದರು. ಹಾಗಾದರೆ ಹಾಡುವುದು ಯಾವಾಗ ಎಂದು ತಿಳಿಯಲಿಲ್ಲ. ನಾಲ್ಕೂವರೆಗೆ ಅವರೇ ಬಂದು ಕೈಮುಗಿದರು: “ಅತಿಥಿಗಳು ಇನ್ನಾ ದಾರ್ಯಾಗ ಇದ್ದಾರಂತ್ರಿ. ಜನ ಎದ್ದು ಹೋಗಲಿಕತ್ತಾರ. ಎರಡು ಹಾಡು ಹಾಡಿಬಿಡ್ರಿ ಸರ್.”

ಮೊದಲನೆಯ ಹಾಡು ಸರಿಯಾಗಿ ಹೋಯಿತು. ಎರಡನೆಯದು ಸರ್ ಹೊಸದಾಗಿ ಬರೆದದ್ದು, ಗಂಡನಿಗೆ ಹೊಲಕ್ಕೆ ಊಟದ ಗಂಟು ಒಯ್ಯುವ ಹೆಂಗಸಿನ ಮೇಲೆ. ಬುತ್ತಿ ಹಾಡು ಎಂದೇ ನಾವು ಕರೆಯುತ್ತಿದ್ದೆವು.

ಸಂಜಿ ಹೊತ್ತಿಗಿ ಬುತ್ತಿ ಹೊತ್ತಾಳ,
ಅಂಜಿ ಅಂಜಿ ಹೊಲದ ದಾರಿ ತುಳಿದಾಳ.

ಅಷ್ಟು ಹಾಡುವಷ್ಟರಲ್ಲಿ ಹಸಿರು ರುಮಾಲಿನ ಒಬ್ಬ ರೈತ ವೇದಿಕೆಯ ಅಂಚಿಗೆ ಬಂದು ಚೀಟಿ ಚಾಚಿದ. ಇನ್ನೊಂದು ಸಿನಿಮಾ ಹಾಡು ಎಂದುಕೊಂಡು ನಾನು ತಲೆಯಾಡಿಸಿ ಮುಂದುವರಿದೆ. ಅವನು ಹೋಗಲಿಲ್ಲ. ಕೀಬೋರ್ಡಿನ ಮೇಲೇ ಚೀಟಿ ಇಟ್ಟ. ವಾರೆಗಣ್ಣಿನಿಂದ ಓದಿದೆ. ಎಮ್ಮೆ ಕರು ಹಾಕಲಾರದೆ ಒದ್ದಾಡಲಿಕತ್ತದ, ಬರ್ರಿ ಎಂದು ಬರೆದಿತ್ತು.

ಹಾಡು ನಿಲ್ಲಿಸಿದೆ. ಡ್ರಮ್ಸ್ ಇನ್ನೂ ಎರಡು ಸುತ್ತು ಓಡಿ ನಿಂತಿತು.

“ಯಾವಾಗಿಂದ?” ಎಂದೆ. ಮೈಕ್ ಹತ್ತಿರವೇ ಇತ್ತು, ಇಡೀ ಊರಿಗೆ ಕೇಳಿತು.

“ಹನ್ನೆರಡಕ್ಕ ನೀರು ಹೋಗ್ಯಾವ್ರಿ ಡಾಕ್ಟರಮ್ಮ. ಒಂದು ಕಾಲು ಕಾಣ್ತದ, ಇನ್ನೊಂದು ಕಾಣವಲ್ಲದು.”

ನಾನು ಸರ್ ಮುಖ ನೋಡಿದೆ. “ನಡೀರಿ, ನಡೀರಿ, ನಾವು ಹ್ಯಾಂಗರೆ ನೋಡ್ಕೋತೀವಿ” ಎಂದರು. ನಾನು ವೇದಿಕೆ ಇಳಿದು ಅವನ ಹಿಂದೆ ಹೊರಟೆ. ಹಿಂದೆ ತಿರುಗಿ ನೋಡಿದರೆ ಅರ್ಧ ಸಭೆ ನನ್ನ ಜೊತೆಗೇ ಬರುತ್ತಿತ್ತು. ನಮ್ಮ ಹಾಡಿಗಿಂತ ಆ ಎಮ್ಮೆಯೇ ಅವರಿಗೆ ಹೆಚ್ಚಿನ ಆಕರ್ಷಣೆ. ಅಷ್ಟರಲ್ಲಿ ಅತಿಥಿಗಳ ಜೀಪೂ ಬಂತೆಂದು ಕಾಣುತ್ತದೆ, ಹಿಂದಿನಿಂದ ಪಟಾಕಿಯ ಸದ್ದು ಕೇಳಿಸಿತು.

ಎಮ್ಮೆ ಕೊಟ್ಟಿಗೆಯ ಮುಂದಿನ ಬಯಲಿನಲ್ಲಿ ಮಲಗಿತ್ತು. ಮೊದಲನೆಯ ಸೂಲು. ಮೊದಲು ನಮ್ಮ ಡಾಕ್ಟರರಿಗೆ ಫೋನ್ ಮಾಡಿದೆ. ಅವರು ತಾಲೂಕಿನ ಇನ್ನೊಂದು ತುದಿಯಲ್ಲಿದ್ದರು, ಬರಲು ಒಂದೂವರೆ ತಾಸು ಬೇಕು. “ನೀವು ಕೈ ಹಾಕಿ ನೋಡಿ, ನಾನು ಫೋನಿನಲ್ಲೇ ಇರುತ್ತೇನೆ” ಎಂದರು. ಕಾರ್ಯಕ್ರಮಕ್ಕೆಂದು ಇಳಕಲ್ ಸೀರೆ ಉಟ್ಟಿದ್ದೆ. ಸೆರಗು ಬಿಗಿದು, ಬಳೆ, ಉಂಗುರ ತೆಗೆದು ಮನೆಯ ಸೊಸೆಯ ಕೈಗೆ ಕೊಟ್ಟೆ. ಸಾಬೂನಿನಿಂದ ಮೊಳಕೈವರೆಗೆ ತೊಳೆದು ಶೇಂಗಾ ಎಣ್ಣೆ ಸವರಿಕೊಂಡೆ. ಒಂದು ಗೊರಸು, ಮೂಗು ಕೈಗೆ ಹತ್ತಿದವು. ಇನ್ನೊಂದು ಮುಂಗಾಲು ಒಳಗೆ ಮೊಣಕಾಲಿನಲ್ಲಿ ಮಡಚಿಕೊಂಡಿತ್ತು. ಬಾಯೊಳಗೆ ಬೆರಳಿಟ್ಟೆ, ಕರು ಚೀಪಿತು. ಜೀವ ಇತ್ತು.

ಎಮ್ಮೆ ತಿಣುಕುವುದು ನಿಂತಾಗ ಕರುವನ್ನು ಹಿಂದಕ್ಕೆ ತಳ್ಳಬೇಕು, ಗೊರಸು ಅಂಗೈಯಲ್ಲಿ ಮುಚ್ಚಿಕೊಂಡು ಕಾಲನ್ನು ಮುಂದಕ್ಕೆ ತರಬೇಕು. ಹೇಳಲು ಒಂದು ವಾಕ್ಯ, ಮಾಡಲು ಅರ್ಧ ತಾಸು ಹಿಡಿಯಿತು. ಕೈ ಜೋಮು ಹಿಡಿಯಿತು. ಕಾಲು ಸರಿಯಾಗಿ, ಎರಡಕ್ಕೂ ಹಗ್ಗ ಕಟ್ಟುವ ಹೊತ್ತಿಗೆ ನಮ್ಮ ಮೂವರೂ ಅಲ್ಲಿಗೆ ಬಂದರು. ವೇದಿಕೆಯಲ್ಲಿ ಸನ್ಮಾನ ಶುರುವಾಗಿ, ಸಾಮಾನು ಸರಿಸಿ ಕೆಳಗಿಡಲು ಹೇಳಿದ್ದರಂತೆ.

“ಹಗ್ಗ ಹಿಡಿಯಲಿಕ್ಕ ಗಟ್ಟಿ ಮನಿಷ ಬೇಕು” ಎಂದೆ. ಶಹಾಬಾದದವನು ಅಂಗಿಯ ತೋಳು ಮಡಚಿದ. ದಿನವೂ ಕಲ್ಲು ಎತ್ತುವ ತೋಳು. ಆದರೆ ಅವನದು ಒಂದು ದೋಷ ಇದೆ, ಯಾವ ಹಾಡನ್ನೂ ಕೊನೆಯಲ್ಲಿ ಓಡಿಸಿಬಿಡುತ್ತಾನೆ.

“ಅದು ತಿಣಕಿದಾಗ ಎಳಿ, ಬಿಟ್ಟಾಗ ಬಿಡು. ನಿನ್ನ ಲಯ ಅಲ್ಲ, ಅದರ ಲಯ. ತಿಳೀತಿಲ್ಲ?”

“ಹೂಂ ಅಕ್ಕಾ.”

ಅವನ ಕಣ್ಣು ಎಮ್ಮೆಯ ಹೊಟ್ಟೆಯ ಮೇಲೇ ನೆಟ್ಟಿತ್ತು. ಅಷ್ಟು ತಾಳ್ಮೆಯಿಂದ ಅವನು ಡ್ರಮ್ಸ್ ಬಾರಿಸಿದ್ದನ್ನು ನಾನು ಕಂಡಿಲ್ಲ. ನಾಲ್ಕನೆಯ ಎಳೆತಕ್ಕೆ ತಲೆ ಬಂತು, ಆಮೇಲೆ ಭುಜ, ಆಮೇಲೆ ಇಡೀ ಕರು ಒಳಗಿನ ಬೆಚ್ಚನೆಯ ನೀರಿನ ಜೊತೆ ಅವನ ಕಾಲಮೇಲೆ ಜಾರಿ ಬಿತ್ತು. ಮೂಗು ಒರೆಸಿ, ಹುಲ್ಲಿನಿಂದ ಮೈ ತಿಕ್ಕಿದೆ. ಹೆಣ್ಣುಕರು. ಒಂದು ಸಲ ಸೀನಿ, ತಲೆ ಎತ್ತಿತು. ಎಮ್ಮೆ ತಿರುಗಿ ನೆಕ್ಕಲು ಶುರು ಮಾಡಿತು. ಫೋನಿನಲ್ಲಿದ್ದ ಡಾಕ್ಟರರಿಗೆ ಹೇಳಿದೆ. “ಶಭಾಶ್” ಎಂದರು. ವಾಡಿಯವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ, ರಕ್ತ ನೋಡಿ ಅವನಿಗೆ ತಲೆ ತಿರುಗಿತ್ತು.

ಕೈಕಾಲು ತೊಳೆದು ಕುಳಿತಾಗ ಚಹಾ ಬಂತು. ವೇದಿಕೆಯ ಕಡೆಯಿಂದ ಭಾಷಣ ಇನ್ನೂ ಕೇಳುತ್ತಿತ್ತು. ಆ ಮನೆಯ ಅಜ್ಜಿ, ರೈತನ ತಾಯಿ, ಅಂಗಳದಲ್ಲಿ ಹೊರಸಿನ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಮಂಡಿನೋವೆಂದು ಅವಳು ಕಾರ್ಯಕ್ರಮಕ್ಕೆ ಬಂದಿರಲಿಲ್ಲ.

“ನೀವು ಹಾಡಾವ್ರು ಅಂತಲ್ರೆವ್ವಾ. ಸ್ಪೀಕರಿನ್ಯಾಗ ಬುತ್ತಿ ಅಂತ ಏನೋ ಕೇಳ್ತು, ನಡುವೇ ನಿಂತುಬಿಟ್ತು. ಪೂರಾ ಹಾಡ್ರಿ ನೋಡಮು” ಎಂದಳು.

ಸರ್ ಕೈಯಲ್ಲಿ ಗಿಟಾರ್ ಇತ್ತು. ಶಹಾಬಾದದವನು ಖಾಲಿ ಹಾಲಿನ ಡಬ್ಬಿ ಬೋರಲು ಹಾಕಿ ಬೆರಳಿನಿಂದ ಬಾರಿಸಿದ. ಮೈಕ್ ಇಲ್ಲ, ಎಕೋ ಇಲ್ಲ. ಹತ್ತು ಹನ್ನೆರಡು ಜನ, ಒಂದು ಎಮ್ಮೆ, ಒಂದು ಕರು. ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದೆ. ಯಾರೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಸೊಸೆ ಚಪ್ಪಾಳೆ ತಟ್ಟಿದಳು. ಅಜ್ಜಿ ತಟ್ಟಲಿಲ್ಲ.

“ಧ್ವನಿ ಚಲೋ ಅದ. ಹಾಡು ಬರೆದವ್ರು ಯಾರು?”

ಸರ್ ಹೆಮ್ಮೆಯಿಂದ, “ನಾನೇ ಬರೆದೀನಿ ಆಯಿ” ಎಂದರು.

“ಸಂಜಿಗಿ ಬುತ್ತಿ ಯಾರ್ ಒಯ್ತಾರೋ ಯಪ್ಪಾ? ಬುತ್ತಿ ಒಯ್ಯಾದು ಹೊತ್ತೇರಿದ ಮ್ಯಾಲ. ಸಂಜಿಗಿ ಹುಲ್ಲಿನ ಹೊರಿ ಹೊತ್ಕೊಂಡು ಮನಿಗಿ ಬರ್ತಾರ.”

ಸಂಜಿಗೂ ಅಂಜಿಗೂ ಪ್ರಾಸ ಕೂಡುತ್ತದೆಂದು ಹಾಗೆ ಬರೆದದ್ದು ನಮ್ಮೆಲ್ಲರಿಗೂ ಗೊತ್ತಿತ್ತು.

“ಮತ್ತ ಆಕಿ ಅಂಜ್ತಾಳ ಯಾಕ? ತನ್ನ ಹೊಲಕ್ಕ ತಾ ಹೋಗಲಿಕ್ಕ ಅಂಜಿಕಿ ಏನು? ನಾ ನಲವತ್ತು ವರ್ಷ ಬುತ್ತಿ ಹೊತ್ತೀನಿ, ಒಂದಿನಾ ಅಂಜಿಲ್ಲ.”

“ಹಂಗಾರ ಹ್ಯಾಂಗ ಹೋಗ್ತಿದ್ರಿ ಆಯಿ?” ಎಂದು ನಾನು ಕೇಳಿದೆ.

“ಬೈಕೋತ ಹೋಗ್ತಿದ್ದೆ. ಗಂಡಗ, ಅತ್ತಿಗ, ಬಿಸಲಿಗ, ಎಲ್ಲಾರಿಗೂ ಬೈಕೋತ ಹೋಗ್ತಿದ್ದೆ. ಹೊಲ ಮುಟ್ಟೂದ್ರಾಗ ಸಿಟ್ಟೆಲ್ಲಾ ಇಳೀತಿತ್ತು. ಆಮ್ಯಾಲ ಇಬ್ಬರೂ ಕೂಡಿ ಉಣ್ತಿದ್ದಿವಿ.”

ಸೊಸೆ ಸೆರಗು ಬಾಯಿಗಿಟ್ಟು ನಗತೊಡಗಿದಳು. ಅಜ್ಜಿಯೂ ನಕ್ಕಳು. ಸರ್ ಜೇಬಿನಿಂದ ಪೆನ್ನು ತೆಗೆದು, ಕಾಗದ ಸಿಗದೆ, ಕೀಬೋರ್ಡಿನ ಮೇಲಿಂದ ಎತ್ತಿಕೊಂಡು ಬಂದಿದ್ದ ಆ ರೈತನ ಚೀಟಿಯ ಹಿಂದೆಯೇ ಬರೆದುಕೊಂಡರು. ಅವರ ಕಿವಿ ಕೆಂಪಾಗಿತ್ತು. ಅವಮಾನ ಅನ್ನಿಸಿರಬೇಕು ಎಂದುಕೊಂಡೆ.

ಟಂಟಂನಲ್ಲಿ ಹಿಂದಿರುಗುವಾಗ ಸರ್ ಆ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದರು. ವಾಡಿಯವನು ಸಂಘದ ಹುಡುಗರ ಮೇಲೆ ಸಿಟ್ಟು ಹೊರಹಾಕುತ್ತಿದ್ದ. ಏಳು ಹಾಡು ಕಲಿತು ಹೋಗಿ ಒಂದೂವರೆ ಹಾಡಿ ಬಂದೆವು, ಇದು ಯಾವ ಸೀಮೆಯ ಕಾರ್ಯಕ್ರಮ ಎಂದು. ಸೇಡಂ ಹತ್ತಿರ ಬಂದಾಗ ಸರ್ ಅವನ ತೊಡೆಯ ಮೇಲೆ ಕೈಯಿಟ್ಟು, “ಸುಮ್ಮನ ಕುಂದ್ರೋ ಮಾರಾಯ. ನನ್ನ ಹಾಡು ಇವತ್ತ ಒಬ್ಬರು ಪೂರಾ ಕೇಳ್ಯಾರ” ಎಂದರು. ಆ ಕೆಂಪು ಅವಮಾನದ್ದಲ್ಲ ಎಂದು ಆಗ ತಿಳಿಯಿತು.

ಮುಂದಿನ ಭಾನುವಾರ ಶೆಡ್ಡಿಗೆ ಅವರು ಹೊಸ ಸಾಲು ತಂದರು.

ಹೊತ್ತೇರಿದ ಮ್ಯಾಲ ಬುತ್ತಿ ಹೊತ್ತಾಳ,
ದಾರಿ ತುಂಬಾ ಬೈಕೋತ ನಡದಾಳ.

ಸಂಜಿ ಅಂಜಿ ಹೋಗಿತ್ತು. ಹಾಡಿ ನೋಡಿದೆ, ನಾಲಿಗೆಗೆ ಸಲೀಸಾಗಿ ಬಂತು. ‘ಬೈಕೋತ’ ಎನ್ನುವಲ್ಲಿ ಶಹಾಬಾದದವನು ಎರಡು ಪೆಟ್ಟು ಜಾಸ್ತಿ ಹಾಕಿದ, ಚೆನ್ನಾಗಿದೆ ಎಂದು ಹಾಗೇ ಉಳಿಸಿಕೊಂಡೆವು. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಮೈದಾನದಲ್ಲಿ ಮೊದಲ ಸಲ ಹಾಡಿದಾಗ, ಆ ಸಾಲಿಗೆ ಹಿಂದೆ ಕುಳಿತ ಹೆಂಗಸರ ಗುಂಪು ಗೊಳ್ಳೆಂದು ನಕ್ಕಿತು. ನನಗೆ ಕ್ಷಣ ಗಾಬರಿಯಾಯಿತು. ಏನೋ ತಪ್ಪಾಯಿತೆಂದು ಕೀಬೋರ್ಡ್ ನೋಡಿಕೊಂಡೆ. ನಗುವುದು ಹಾಡಿಗೇ ಎಂದು ತಿಳಿಯಲು ಇನ್ನೊಂದು ಸಾಲು ಬೇಕಾಯಿತು.

ತ್ರಾಸುಗಳೇನೂ ಮುಗಿದಿಲ್ಲ. ಕಳೆದ ತಿಂಗಳು ಸನ್ನತಿಯಲ್ಲಿ ಒಬ್ಬರ ಹೊಲದ ಮನೆಯ ಮುಂದೆ ಕಾರ್ಯಕ್ರಮ ಇತ್ತು. ಭೀಮಾ ದಂಡೆಯ ಗಾಳಿಗೆ ಹಾಡಿನ ಹಾಳೆಗಳೆಲ್ಲ ಹಾರಿ ಜೋಳದ ಹೊಲ ಸೇರಿದವು. ನೆನಪಿದ್ದಷ್ಟು ಹಾಡಿದೆವು. ಮರೆತಲ್ಲಿ ಸರ್ ಅಲ್ಲಿಯೇ ಹೊಸದು ಕಟ್ಟಿ ಹೇಳಿಕೊಟ್ಟರು, ಕೆಲವು ಮೊದಲಿನದಕ್ಕಿಂತ ಚಲೋ ಇದ್ದವು. ಮಧ್ಯಾಹ್ನ ಮನೆಯವರು ಹಾಸಿದ ಜಮಖಾನೆಯ ಮೇಲೆ ಕುಳಿತು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ವಾಡಿಯವನು ಮೂರನೆಯ ರೊಟ್ಟಿಗೆ ಕೈ ಚಾಚುತ್ತಾ ಮುಂದಿನ ಕಾರ್ಯಕ್ರಮ ಎಲ್ಲಿ ಎಂದು ಕೇಳಿದ. ಇನ್ನೂ ಯಾರೂ ಕರೆದಿಲ್ಲ ಎಂದು ಸರ್ ಹೇಳಿದರು. ಯಾರಿಗೂ ಅದು ಕೆಟ್ಟ ಸುದ್ದಿ ಅನ್ನಿಸಲಿಲ್ಲ. ಊಟ ಮುಂದುವರಿಯಿತು.