ಅಜ್ಜಿ ಕೇಳಿದ ಸುಣ್ಣದ ಬೆಳಕು

ಸುಟ್ಟ ಸುಣ್ಣದ ಮೇಲೆ ನೀರು ಬಿದ್ದಾಗ ಏಳುವ ಆ ಬಿಸಿ, ಖಾರ ವಾಸನೆ ಇವತ್ತಿಗೂ ನನ್ನ ಗಂಟಲು ಹಿಡಿಯುತ್ತದೆ. ಸಿಂಧನೂರಿನ ನನ್ನ ಬಣ್ಣದ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ: ಸುಣ್ಣ ಕೊಳ್ಳುವ ಮುಂಚೆ ಒಂದು ಹಳ್ಳು, ಒಂದೇ ಒಂದು ತುಂಡು, ನೀರಿಗೆ ಹಾಕಿಸಿ ನೋಡ್ರಿ, ಕುದಿಯದಿದ್ದರೆ ದರ ಕೇಳಲಿಕ್ಕೂ ಹೋಗಬೇಡಿ. ಈ ಬುದ್ಧಿ ನನಗೆ ಬಂದದ್ದು ಮಸ್ಕಿಯ ನಮ್ಮ ಸುಣ್ಣದ ಭಟ್ಟಿಯ ಮುಂದೆ, ಒಂದು ಸುಳ್ಳು ಹೇಳಿದ ಮೇಲೆ. ಮೊನ್ನೆ ಮೊಮ್ಮಗಳು ಅಂಗಡಿಯಲ್ಲಿ ಕೂತು ಇಂಗ್ಲಿಷ್ ಪಾಠ ಓದುತ್ತಿದ್ದಳು. "ಲೈಮ್‌ಲೈಟ್ ಅಂದ್ರ ಎಲ್ಲಾರ ಕಣ್ಣಿಗೆ ಬೀಳೋದು, ಅಜ್ಜಿ. ಲೈಮ್ ಅಂದ್ರ ಸುಣ್ಣ. ಹಿಂದ ಕರೆಂಟ್ ಇರದಾಗ ನಾಟಕದಾಗ ಸುಣ್ಣದ ತುಂಡು ಉರಿಯಾಗ ಕಾಸಿ, ಆ ಬೆಳಕ ನಟರ ಮ್ಯಾಲ ಬಿಡ್ತಿದ್ರಂತ." ಸುಣ್ಣದ ಬೆಳಕು ಎಂದದ್ದೇ ತಡ, ನನ್ನ ಅಜ್ಜಿ ಎದುರು ಬಂದು ನಿಂತಳು.

ಭಟ್ಟಿ ಯಾವಾಗ ಆರಿಸಬೇಕೆಂದು ಹೇಳುವ ಹಕ್ಕು ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳದು. ಮುಂಗತ್ತಲಿಗೆ ಭಟ್ಟಿಯ ಕಿಂಡಿಯಲ್ಲಿ ಇಣುಕುತ್ತಿದ್ದಳು. ಕೆಂಪಿದ್ದರೆ ಕಲ್ಲು ಹಸಿ. ಕೆಂಪು ಕಳೆದು ಬೆಳಕು ತಿಳಿಯಾದರೆ ಹದ. ನಾನು ಸಣ್ಣವಳಿದ್ದ ಆ ವರ್ಷ ಅವಳ ಕಣ್ಣು ಮಂಜಾಗಿದ್ದವು, ಗೊತ್ತಿದ್ದದ್ದು ನನಗೊಬ್ಬಳಿಗೇ. ಅವಳ ಮಗ, ನನ್ನ ಕಾಕಾಗೆ ತಿಳಿದರೆ ಅವಳನ್ನು ಕಿಂಡಿಯಿಂದ ಎಬ್ಬಿಸಿ ಮೂಲೆಗೆ ಕೂರಿಸುತ್ತಿದ್ದ. ಅದಕ್ಕೇ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು: "ಬೆಳಕು ಹೆಂಗೈತಿ, ಹೇಳಬೇ." ಹಿಂದಿನಿಂದ ಕಾಕಾ, "ಏನ್ ಯವ್ವಾ, ನಿಂತಲ್ಲೇ ನಿದ್ದಿ ಹತ್ತೈತೇನ?" ಎಂದು ಹತ್ತಿರ ಬರತೊಡಗಿದ. ಒಳಗೆ ಇನ್ನೂ ಕೆಂಪಿತ್ತು. ಅವನ ಹೆಜ್ಜೆಗೆ ಹೆದರಿ, "ತಿಳಿಯಾಗೈತಿ," ಅಂದುಬಿಟ್ಟೆ. "ಆರಸ್ರಿ!" ಎಂದಳು ಅಜ್ಜಿ, ಗಟ್ಟಿಯಾಗಿ.

ಮೂರನೆಯ ದಿನ ಮುದಗಲ್ಲಿನಿಂದ ಗಾರೆ ಮೇಸ್ತ್ರಿ ಸುಣ್ಣ ಒಯ್ಯಲು ಬಂದ. ಒಂದು ಹಳ್ಳು ಎತ್ತಿ ಬಕೆಟ್ಟಿನ ನೀರಿಗೆ ಬಿಟ್ಟ. ಎಲ್ಲರೂ ಸುತ್ತ ನಿಂತೆವು. ನೀರು ಸುಮ್ಮನಿತ್ತು. ಇನ್ನೊಂದು ಬಿಟ್ಟ. ಎರಡು ಗುಳ್ಳೆ ಎದ್ದು ಒಡೆದವು, ಅಷ್ಟೇ. "ಏನಜ್ಜಿ, ಸುಣ್ಣಕ್ಕ ಬಂದ್ರ ಕಲ್ಲು ಮಾರಾಕತ್ತೀಯಲ್ಲ!" ಎಂದು ನಕ್ಕ. ಕಾಕಾ ನಗಲಿಲ್ಲ. ಮೆಲ್ಲಗೆ ಅಜ್ಜಿಯ ಮುಖದ ಮುಂದೆ ಕೈಯಾಡಿಸಿದ. ಅವಳ ರೆಪ್ಪೆ ಅಲುಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಉಗುರು ನನ್ನ ಮೊಣಕೈಗೆ ನಾಟಿತು. "ನಾನ ನೋಡೀನಿ. ನಂದ ತಪ್ಪು," ಎಂದಳು.

ಮುಂದೆ ಕಿಂಡಿಗೆ ಕಾಕಾ ನಿಂತ. ಈಗ ಆ ಭಟ್ಟಿಯೂ ಇಲ್ಲ, ಆ ಜಾಗದಲ್ಲಿ ಪ್ಲಾಟುಗಳಾಗಿವೆ. ಅಂಗಡಿಗೆ ಬಂದವರಿಗೆ ಇದನ್ನೂ ಹೇಳುತ್ತೇನೆ: ಚೌಕಾಸಿ ಎಲ್ಲದರಲ್ಲೂ ಮಾಡ್ರಿ, ಕಣ್ಣಿಗೆ ಕಂಡದ್ದನ್ನು ಹೇಳುವಾಗ ಮಾತ್ರ ಬೇಡ. ಆ ಸುಳ್ಳಿನ ನಂತರವೂ ಭಟ್ಟಿ ಹೊತ್ತಿದ ಸಂಜೆಗಳಲ್ಲಿ ಅಜ್ಜಿ ಗೋಡೆಗೊರಗಿ, ಆ ಕಾವಿನ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಬೆಳಕು ಹೆಂಗೈತಿ ಅಂತ ಅವಳು ಮತ್ತೆಂದೂ ಕೇಳಲಿಲ್ಲ.